ಎಡಕಾಲು ಇಂಚು

ಕಳೆದ ತಿಂಗಳು ಕುಂಬಳೆ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಹೌಹಾರಿ ನಿಂತುಬಿಟ್ಟೆ. ಗಾಜಿನ ಬಾಗಿಲು, ಒಳಗೆ ಏಸಿ, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಶೂ. ಒಂದೊಂದು ಜೊತೆಯ ಮೇಲೂ ಒಂದೊಂದು ಪುಟ್ಟ ದೀಪ. ಕನ್ನಡಕ ಏರಿಸಿಕೊಂಡು ನೋಡಿದರೆ ಅವೆಲ್ಲ ಯಾರೋ ಹಾಕಿ ಸವೆಸಿ ಬಿಟ್ಟ ಶೂಗಳು! ಒಂದರ ಹಿಮ್ಮಡಿ ಹೊರಬದಿಗೆ ಸವೆದಿತ್ತು. ಇನ್ನೊಂದರ ಮುಂಭಾಗದಲ್ಲಿ ಬೆರಳು ಮಡಚಿದ ಗೆರೆಗಳು ಹಾಗೇ ಇದ್ದವು. ನಾನು ಅಂಥವನ್ನು ಗೋಣಿಯಲ್ಲಿ ತುಂಬಿಸಿ, ಯಾರಿಗೂ ಕಾಣದ ಹಾಗೆ ಕಾಲಿನ ಹಿಂದೆ ಇಟ್ಟುಕೊಳ್ಳುತ್ತಿದ್ದವನು.

"ಇದೆಲ್ಲ ಹಳತಲ್ವಾ ಮಗಾ?" ಎಂದು ಒಳಗಿದ್ದ ಹುಡುಗಿಯನ್ನು ಕೇಳಿದೆ.

"ಹಳತೇ ಅಂಕಲ್. ಈಗ ಇದಕ್ಕೆ ಥ್ರಿಫ್ಟ್ ಅಂತ ಹೇಳುದು. ಕಾಲೇಜಿನವರು ಹುಡುಕಿಕೊಂಡು ಬರ್ತಾರೆ."

ಪೈವಳಿಕೆಯ ಶ್ರುತಿ ಎಂಬ ಈ ಹುಡುಗಿ ಡಿಗ್ರಿ ಮುಗಿಸಿ, ಮನೆಯವರ ಜೊತೆ ಜಗಳ ಮಾಡಿ ಅಂಗಡಿ ಇಟ್ಟವಳು. ಸೀತಾಂಗೋಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸಂಜೀವ ನಾನೇ ಎಂದು ಗೊತ್ತಾದದ್ದೇ ತಡ, ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದಳು. "ತೊಳೆದು ಮಾರ್ಲಿಕ್ಕೆ ನನಗೆ ಗೊತ್ತುಂಟು ಅಂಕಲ್. ರಿಪೇರಿ ಗೊತ್ತಿಲ್ಲ. ನಿಮ್ಮ ಅನುಭವ ಎಲ್ಲ ಒಂದು ಬರೆದು ಕೊಡ್ತೀರಾ?"

ನಲವತ್ತು ವರ್ಷದಲ್ಲಿ ನನ್ನಿಂದ ಏನನ್ನಾದರೂ ಬರೆಸಿಕೊಳ್ಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ನನ್ನ ಬಳಿ ಶೂ ಹೊಲಿಸಿಕೊಂಡವರು ಮದುವೆಮನೆಯಲ್ಲಿ ಕಂಡರೆ ಗುರುತು ಸಿಗದವರ ಹಾಗೆ ಬಫೆ ಸಾಲಿಗೆ ನುಸುಳುತ್ತಿದ್ದರು. ಹಾಗಾಗಿ ಈ ಮಾತು ಕೇಳಿ ಚಹಾ ಕುಡಿಯುವುದನ್ನೇ ಮರೆತೆ. ಬರೆಯುತ್ತೇನೆ ಎಂದೆ. ಆದರೆ ಬರೆಯಲು ಕೂತಾಗ ಕೈಚಳಕದ ಸಂಗತಿಗಿಂತ ಮೊದಲು ಒಂದು ತಪ್ಪೇ ನೆನಪಿಗೆ ಬಂದು ಕೂತಿತು. ಅದನ್ನು ಹೇಳದೆ ಉಳಿದದ್ದನ್ನು ಕಲಿಸಿದರೆ ಮೋಸವಾದೀತು.

ನಾನು ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಗುರುವಪ್ಪಣ್ಣನವರ ಅಂಗಡಿಯಲ್ಲಿ. ಅಂಗಡಿ ಅಂದರೆ ಒಂದು ಮೆಟ್ಟಿಲ ಕೆಳಗಿನ ಸಂದಿ. ಅವರು ಗಿರಾಕಿಗಳ ಹತ್ತಿರ ಹೆಚ್ಚು ಮಾತೇ ಆಡುತ್ತಿರಲಿಲ್ಲ. ಶೂ ಕೈಗೆ ತೆಗೆದುಕೊಂಡು ಮಗುಚಿ, ಹಿಮ್ಮಡಿಯ ಅಂಚಿನಲ್ಲಿ ಹೆಬ್ಬೆರಳು ಆಡಿಸಿ, "ಸೊಂಟ ನೋವು ಉಂಟಲ್ಲ ನಿಮಗೆ?" ಎಂದು ಕೇಳುತ್ತಿದ್ದರು. ಬಂದವರು ದಂಗು. ನಾನೂ ದಂಗು. ಬಲಗಡೆಯ ಹಿಮ್ಮಡಿ ಹೆಚ್ಚು ಸವೆದರೆ ಭಾರವೆಲ್ಲ ಬಲಕ್ಕೆ ಬೀಳುತ್ತದೆ, ಎಡಗಾಲು ಅಳುಕುತ್ತದೆ ಎಂದು ಅರ್ಥ. ಒಳ ಅಂಚು ಸವೆದರೆ ಪಾದ ಚಪ್ಪಟೆ. ಹೀಗೆ ಅವರು ನನಗೆ ಶೂವಿನ ಅಡಿಯ ಅಟ್ಟೆ ಓದಲು ಕಲಿಸಿದರು.

"ಮನುಷ್ಯರ ಹತ್ರ ಕೇಳ್ಬೇಡ ಮಾರಾಯ. ಅವರಿಗೆ ಅವರ ಕಾಲೇ ಗೊತ್ತಿರುದಿಲ್ಲ. ಶೂ ಸುಳ್ಳು ಹೇಳುದಿಲ್ಲ" ಎನ್ನುತ್ತಿದ್ದರು. ಈ ಮಾತನ್ನು ನಾನು ದೇವರ ಪಟದ ಹಾಗೆ ಮನಸ್ಸಿನಲ್ಲಿ ತೂಗುಹಾಕಿಕೊಂಡೆ.

ಆಮೇಲೆ ಸೀತಾಂಗೋಳಿ ಜಂಕ್ಷನ್ನಿಗೆ ಬಂದು ಬಸ್ಸು ನಿಲ್ಲುವಲ್ಲಿ ತಗಡಿನ ಪೆಟ್ಟಿಗೆಯಂಥ ಅಂಗಡಿ ಹಾಕಿದೆ. ನೆಲಮಟ್ಟದಲ್ಲಿ ಕೂರುವವನಿಗೆ ಮೊಣಕಾಲಿನಿಂದ ಮೇಲಿನ ಲೋಕ ಕಾಣುವುದು ಕಡಿಮೆ. ಕಿವಿ ಮಾತ್ರ ಚುರುಕಾಯಿತು. ತಲೆ ಎತ್ತದೆ, ಬರುವವರು ಯಾರೆಂದು ಹೆಜ್ಜೆಯ ಸದ್ದಿನಿಂದಲೇ ಹೇಳುತ್ತಿದ್ದೆ. ಪೋಸ್ಟಿನವರದ್ದು ಎಳೆದ ಹಾಗೆ, ಬಡ್ಡಿಯವರದ್ದು ಕುಕ್ಕಿದ ಹಾಗೆ. ಪಕ್ಕದ ಹೋಟೆಲಿನವರು ನನ್ನ ಕಣ್ಣಿಗೆ ಬೈರಾಸು ಕಟ್ಟಿ ಚಹಾ ಪಂಥ ಹಾಕುತ್ತಿದ್ದರು. ನಾನು ಸೋತದ್ದು ನೆನಪಿಲ್ಲ. ಅಹಂಕಾರ ಬಾರದೆ ಇರುತ್ತದೆಯೇ?

ಮೊದಲ ಪೆಟ್ಟು ಬಿದ್ದದ್ದು ಒಂದು ಮದುವೆಯಲ್ಲಿ. ಗಲ್ಫಿನಿಂದ ಊರಿಗೆ ಬಂದು ನೆಲೆಸಿದ ಒಬ್ಬರು ಮಗಳ ಮದುವೆಗೆಂದು ಒಂದು ಜೊತೆ ಕಪ್ಪು ಶೂ ಪಾಲಿಷಿಗೆ ಕೊಟ್ಟರು. ದುಬಾಯಿಯಲ್ಲಿ ಕೊಂಡದ್ದು, ಆರು ವರ್ಷ ಡಬ್ಬದಲ್ಲೇ ಇಟ್ಟದ್ದು, ಒಮ್ಮೆಯೂ ಹಾಕಿಲ್ಲ. ಕನ್ನಡಿಯ ಹಾಗೆ ಹೊಳೆಯಿಸಿ ಕೊಟ್ಟೆ. ಮರುದಿನ ಮಧ್ಯಾಹ್ನ ಅವರು ರೇಷ್ಮೆ ಮುಂಡಿನಲ್ಲಿ, ಬರಿಗಾಲಲ್ಲಿ, ರಿಕ್ಷಾದಿಂದ ಇಳಿದು ನನ್ನ ಮುಂದೆ ಆ ಶೂಗಳನ್ನು ಕುಕ್ಕಿದರು. ಅಟ್ಟೆಯೇ ಇಲ್ಲ! ಮದುವೆ ಹಾಲಿನಲ್ಲಿ ಬೀಗರನ್ನು ಎದುರುಗೊಳ್ಳಲು ಹೋಗುವಾಗ ಹೆಜ್ಜೆಹೆಜ್ಜೆಗೂ ಕಪ್ಪು ಪುಡಿ ಉದುರಿತಂತೆ. ಹಿಂದೆ ತಿರುಗಿ ನೋಡಿದರೆ ಬಾಗಿಲಿನಿಂದ ಮಂಟಪದವರೆಗೆ ಉದ್ದದ ಗೆರೆ.

"ಎಂತ ಹಾಕಿದ್ದು ನೀನು ಇದಕ್ಕೆ? ಆಸಿಡಾ?" ಎಂದು ಕಿರುಚಿದರು.

ಉಳಿದ ಚೂರನ್ನು ಒತ್ತಿದರೆ ಬೆರಳಿನ ನಡುವೆ ಹಳೆಯ ರಸ್ಕಿನ ಹಾಗೆ ಪುಡಿಯಾಯಿತು. ಚರ್ಮದ ಅಟ್ಟೆಯ ಕಾಲದಲ್ಲಿ ಕಲಿತವನು ನಾನು. ಚರ್ಮ ಹರಿಯುತ್ತದೆ, ಬೂಸ್ಟು ಹಿಡಿಯುತ್ತದೆ, ಪುಡಿಯಾಗುವುದಿಲ್ಲ. ಈಗಿನ ಹಗುರ ನೊರೆಯಂಥ ಅಟ್ಟೆ ಹಾಕದೆ ಇಟ್ಟರೆ ನಮ್ಮ ಕರಾವಳಿಯ ತೇವಕ್ಕೆ ಒಳಗಿಂದೊಳಗೇ ಸಾಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಶ್ರುತಿ, ಹೊಸದರ ಹಾಗೆ ಕಾಣುವ ಹಳೆಯ ಶೂ ಬಂದರೆ ಮೊದಲು ಬಗ್ಗಿಸಿ ನೋಡು. ಹೊಳಪಿಗೆ ಮರುಳಾಗಬೇಡ.

ಕೆಲಸದ ಕ್ರಮವೂ ಹೀಗೇ ಬದಲಾಯಿತು. ಮೇಣ ತಿಕ್ಕಿದ ದಾರದಿಂದ ಎರಡು ಸೂಜಿ ಹಾಕಿ ಹೊಲಿಯುತ್ತಿದ್ದಲ್ಲಿ ಸೊಲ್ಯೂಷನ್ ಹಚ್ಚಿ ಅಂಟಿಸುವುದು ಬಂತು. ಹೊಲಿಯಬೇಕು, ಹೊತ್ತಾಗುತ್ತದೆ ಎಂದರೆ ಜನ ಬಸ್ಸಿನ ಕಡೆ ನೋಡುತ್ತಿದ್ದರು. ಹೊಸ ಶೂ ತಂದು "ಅಣ್ಣಾ, ಇದನ್ನು ಕಲ್ಲಿಗೆ ತಿಕ್ಕಿ ಹಳತರ ಹಾಗೆ ಮಾಡಿ ಕೊಡಿ" ಎಂದವನೂ ಉಂಟು. ಅವತ್ತು ನನ್ನ ಕೈಯಿಂದ ಸುತ್ತಿಗೆ ಕೆಳಗೆ ಬಿತ್ತು.

ಇನ್ನು ಹಳೆಯ ಶೂಗಳ ವಿಷಯ. ಮೊಗ್ರಾಲಿನಲ್ಲಿ ಹೈವೇ ಬದಿ ಮೂಸಚ್ಚನ ಗುಜರಿ ಇತ್ತು. ಗಲ್ಫಿನಿಂದ ಬಂದವರು ಬಿಟ್ಟದ್ದು, ಬಾಂಬೆಯಿಂದ ಮೂಟೆ ಕಟ್ಟಿ ಬಂದದ್ದು, ಎಲ್ಲ ಶೂಗಳೂ ಅಂಗಳದಲ್ಲಿ ಒಂದೇ ರಾಶಿ. ಭಾನುವಾರ ಬೆಳಗ್ಗೆ ಹೋಗಿ ಹೆಕ್ಕುತ್ತಿದ್ದೆ. ಒಂದು ಸಿಕ್ಕಿದರೆ ಅದರ ಜೋಡಿ ರಾಶಿಯ ಇನ್ನೊಂದು ತುದಿಯಲ್ಲಿ. ಜೋಡಿ ಹುಡುಕುತ್ತಾ ಮಧ್ಯಾಹ್ನವಾಗುತ್ತಿತ್ತು. "ಸಂಜೀವಾ, ನಿನ್ನಷ್ಟು ತಾಳ್ಮೆ ಹುಡುಗಿ ನೋಡ್ಲಿಕ್ಕೆ ಹೋದವರಿಗೂ ಇಲ್ಲ" ಎಂದು ಮೂಸಚ್ಚ ನಗುತ್ತಿದ್ದರು.

ಹೆಕ್ಕುವಾಗ ಮೂಗು, ಹೆಬ್ಬೆರಳು ಎರಡೂ ಬೇಕು. ಒಳಗೆ ಕೈ ಹಾಕಿ ತುದಿಯವರೆಗೆ ತಡವಬೇಕು. ಒಮ್ಮೆ ಹೀಗೆ ತಡವುವಾಗ ಬೆರಳಿಗೆ ಕಾಗದದ ಪೊಟ್ಟಣ ಸಿಕ್ಕಿತು. ಬಿಡಿಸಿದರೆ ಒಂದು ಮಗುವಿನ ಹಾಲುಹಲ್ಲು. ಕಾಗದದಲ್ಲಿ ನನಗೆ ಓದಲು ಬಾರದ ಯಾವುದೋ ಲಿಪಿ. ಬಿಸಿಲಿನಲ್ಲಿ ನಿಂತಲ್ಲೇ ಮೈ ಜುಮ್ಮೆಂದಿತು. ಯಾವ ದೇಶದ ಯಾವ ಅಪ್ಪನೋ ಏನೋ. ಆ ಶೂವನ್ನು ರಾಶಿಗೇ ಹಾಕಿ ಬಂದೆ. ಇದು ನನ್ನದಲ್ಲ, ಇದರಲ್ಲಿ ಬೇರೆ ಯಾರೋ ಇದ್ದಾರೆ ಎಂದು ಅವತ್ತು ಅನಿಸಿತ್ತು. ಅನಿಸಿದ್ದು ತಲೆಯಲ್ಲಿ ಉಳಿದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ.

ಸೀತಾಂಗೋಳಿಯಲ್ಲಿ ರಿಕ್ಷಾ ಓಡಿಸುವ ಮೆಲ್ವಿನ್‌ಗೆ ಒಬ್ಬಳು ಅಕ್ಕ, ಜೆಸಿಂತಾ ಬಾಯಿ. ಸುಮಾರು ಮೂವತ್ತೈದರ ಪ್ರಾಯ. ಸಣ್ಣದಿರುವಾಗ ಗೋಡೆಯಿಂದ ಬಿದ್ದು ಎಡಗಾಲಿನ ತೊಡೆಯ ಎಲುಬು ಮುರಿದು, ಕೂಡಿಕೊಳ್ಳುವಾಗ ಕೊಂಚ ಗಿಡ್ಡವಾಗಿ ಕೂಡಿತ್ತು. ಅಂದಿನಿಂದ ಕುಂಟು. ತಂದೆ ತೀರಿಕೊಂಡ ಮೇಲೆ ಅವರಿಗೆ ಜಂಕ್ಷನ್ನಿನ ಹತ್ತಿರದ ಒಂದು ತಿಂಡಿ ಪ್ಯಾಕಿಂಗ್ ಘಟಕದಲ್ಲಿ ಕೆಲಸ ಸಿಕ್ಕಿತು. ಜೀವನದಲ್ಲಿ ಮೊದಲ ಕೆಲಸ. ದಿನವಿಡೀ ನಿಂತು ಮಾಡಬೇಕು, ಮುಚ್ಚಿದ ಶೂ ಹಾಕಲೇಬೇಕು. ಒಂದು ತಿಂಗಳು ನೋಡಿ, ಆದರೆ ಮಾತ್ರ ಕಾಯಂ.

"ಅವಳಿಗೆ ಹೊಸ ಶೂ ಯಾವುದೂ ಆಗುದಿಲ್ಲ ಸಂಜೀವಣ್ಣ. ಒಂದು ಒಳ್ಳೆ ದಪ್ಪ ಅಟ್ಟೆಯ ಜೊತೆ ಹುಡುಕಿ ಕೊಡಿ, ನಂಬರ್ ಐದು. ಎಡದ್ದನ್ನು ಎತ್ತರ ಮಾಡ್ಲಿಕ್ಕುಂಟು. ಎಷ್ಟು ಅಂತ ಡಾಕ್ಟ್ರು ಹೇಳ್ತಾರೆ" ಎಂದ ಮೆಲ್ವಿನ್.

ಆ ಭಾನುವಾರ ಮೂಸಚ್ಚನ ರಾಶಿಯನ್ನು ಮೂರು ಗಂಟೆ ಮಗುಚಿ ಹಾಕಿದೆ. ಕೊನೆಗೆ ಒಂದು ಜೊತೆ ಕಂದು ಬಣ್ಣದ ಹೆಂಗಸರ ಶೂ ಸಿಕ್ಕಿತು. ಅಪ್ಪಟ ಚರ್ಮ, ಹೊಲಿದ ಅಟ್ಟೆ. ಅದರ ಮೇಲೆ ಎಷ್ಟು ಪದರ ಬೇಕಾದರೂ ಕೂರಿಸಬಹುದು. ಅಂಥದ್ದು ವರ್ಷಕ್ಕೊಮ್ಮೆ ಸಿಕ್ಕಿದರೆ ಪುಣ್ಯ. ತಂದು ತೊಳೆದು, ಎಣ್ಣೆ ಕುಡಿಸಿ ಇಟ್ಟೆ.

ಶುಕ್ರವಾರ ಮೆಲ್ವಿನ್ ಆಸ್ಪತ್ರೆಯಿಂದ ಫೋನು ಮಾಡಿದ. ಸುತ್ತ ಗದ್ದಲ. "ಸಂಜೀವಣ್ಣ, ಬರ್ಕೊಳ್ಳಿ. ಎಡ ಕಾಲು ಇಂಚು ಎತ್ತರ ಮಾಡ್ಬೇಕಂತೆ. ಚೀಟಿ ಆಮೇಲೆ ತರ್ತೇನೆ. ಸೋಮವಾರ ಅವಳಿಗೆ ಕೆಲಸಕ್ಕೆ ಸೇರ್ಲಿಕ್ಕುಂಟು."

ನಾನು ಬೀಡಿಕಟ್ಟಿನ ಕಾಗದದ ಹಿಂದೆ ಬರೆದುಕೊಂಡೆ: ಎಡಕಾಲು – ಇಂಚು. ಮೊಳೆಗೆ ಚುಚ್ಚಿದೆ.

ಪುಸ್ತಕದಲ್ಲಿ ಎಡಗಾಲು ಎಂದು ಬರೆಯುತ್ತಾರೆ. ನಮ್ಮ ಬಾಯಲ್ಲಿ ಅದು ಎಡಕಾಲು. ಮಧ್ಯದ ಆ ಅಡ್ಡಗೆರೆ ಮೆಲ್ವಿನ್ ಹೇಳಿದ್ದಲ್ಲ. ನನ್ನ ಪೆನ್ಸಿಲು ಎಳೆದದ್ದು.

ಒಂದು ಇಂಚು ಹೆಚ್ಚಾಯಿತಲ್ಲ ಎಂದು ಕೊಂಚ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ತಿರುಗಿ ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಗುರುವಪ್ಪಣ್ಣನ ಶಿಷ್ಯನಲ್ಲವೇ ನಾನು? ಶೂಗಳನ್ನು ಮಗುಚಿ ಹಿಮ್ಮಡಿಯಲ್ಲಿ ಹೆಬ್ಬೆರಳು ಆಡಿಸಿದೆ. ಬಲದ್ದು ಹೊರ ಅಂಚಿನಲ್ಲಿ ಅರ್ಧಕ್ಕರ್ಧ ಸವೆದಿತ್ತು, ಎಡದ್ದು ಹೆಚ್ಚುಕಡಿಮೆ ಹಾಗೇ ಇತ್ತು. ಪಾಪ, ಭಾರವೆಲ್ಲ ಬಲಕ್ಕೆ. ಎಡಗಾಲು ತುಂಬಾ ಗಿಡ್ಡವೇ ಇರಬೇಕು, ಇಂಚು ಸರಿಯೇ ಎಂದು ಗಟ್ಟಿ ಮಾಡಿಕೊಂಡೆ. ಎರಡು ದಿನ ಕೂತು ಚರ್ಮದ ಪದರದ ಮೇಲೆ ಪದರ ಕೂರಿಸಿ, ಅಂಚು ತಿಕ್ಕಿ, ಹೊಲಿದೆ. ಅಷ್ಟು ಚಂದದ ಕೆಲಸ ನಾನು ಜೀವನದಲ್ಲಿ ಮಾಡಿರಲಿಲ್ಲ. ಮೆಲ್ವಿನ್ ಭಾನುವಾರ ಸಂಜೆ ಬಂದು ಒಯ್ದ; ಚೀಟಿ ತರಲು ಅವನಿಗೂ ಕೇಳಲು ನನಗೂ ನೆನಪಾಗಲಿಲ್ಲ. ಜೆಸಿಂತಾ ಬಾಯಿಯ ಮುಖವನ್ನಾಗಲಿ ಕಾಲನ್ನಾಗಲಿ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮೂರು ವಾರ ಕಳೆದು ಒಂದು ಬೆಳಗ್ಗೆ ರಿಕ್ಷಾ ಬಂದು ಅಂಗಡಿಯ ಮುಂದೆ ಗಕ್ಕನೆ ನಿಂತಿತು. ಮೆಲ್ವಿನ್ ಇಳಿದು ಬಂದ. ಮುಖ ಕೆಂಪು.

"ಎಂತ ಮಾಡಿದ್ದು ನೀವು ಸಂಜೀವಣ್ಣ? ಡಾಕ್ಟ್ರು ಶೂ ನೋಡಿ ತಲೆಗೆ ಕೈ ಇಟ್ರು. ಕಾಲು ಇಂಚು ಹೇಳಿದ್ರೆ ಒಂದು ಇಂಚು ಕಟ್ಟಿದ ಪುಣ್ಯಾತ್ಮ ಯಾರು ಅಂತ ಕೇಳಿದ್ರು. ಅವಳಿಗೆ ಸೊಂಟ ಹಿಡಿದುಹೋಗಿದೆ. ಗಂಟೆಗೊಮ್ಮೆ ಕೂರ್ತಾಳೆ ಅಂತ ಸೂಪರ್‌ವೈಸರ್ ಬೇರೆ, ಈ ತಿಂಗಳು ಮುಗಿದ ಮೇಲೆ ಬರುದು ಬೇಡ ಅಂತ ಹೇಳಿದ್ದಾರೆ."

"ನೀನೇ ಅಲ್ವಾ ಹೇಳಿದ್ದು?" ಎಂದು ನಾನೂ ದನಿ ಏರಿಸಿ, ಮೊಳೆಯಿಂದ ಚೀಟಿ ಕಿತ್ತು ಜೋರಾಗಿ ಓದಿದೆ. "ಎಡಕಾಲು ಇಂಚು."

"ಅದೇ ನಾನು ಹೇಳಿದ್ದು. ಎಡ, ಕಾಲು ಇಂಚು."

ಇಬ್ಬರೂ ಒಂದೇ ಮಾತು ಹೇಳಿದೆವು. ಇಬ್ಬರ ಕಿವಿಗೂ ಒಂದೇ ಕ್ಷಣ ಅದು ಬಿತ್ತು. ಎಡಗಾಲಿಗೆ ಇಂಚು ಎಂದು ನಾನು ಕೇಳಿದ್ದು ಎಡದ್ದಕ್ಕೆ ಇಂಚಿನ ಕಾಲು ಭಾಗ. ನಾಲ್ಕು ಪಟ್ಟು ಎತ್ತರದ ಶೂ ಹೊಲಿದು, ಮೂರು ವಾರ ಒಬ್ಬ ಹೆಂಗಸನ್ನು ಅದರ ಮೇಲೆ ನಿಲ್ಲಿಸಿದ್ದೆ!

"ಆದ್ರೆ ಬಲದ ಹಿಮ್ಮಡಿ ಅಷ್ಟು ಸವೆದಿತ್ತಲ್ಲ ಮಾರಾಯ..." ಎಂದು ತೊದಲಿದೆ. ಹೇಳುತ್ತಿದ್ದ ಹಾಗೆಯೇ ತಪ್ಪು ಹೊಳೆಯಿತು. ಆ ಹಿಮ್ಮಡಿ ಸವೆಸಿದವರು ಜೆಸಿಂತಾ ಬಾಯಿ ಅಲ್ಲವೇ ಅಲ್ಲ. ಅವರು ಆ ಶೂವಿಗೆ ಕಾಲೇ ಹಾಕಿರಲಿಲ್ಲ. ಯಾವುದೋ ಊರಿನ ಯಾವುದೋ ಹೆಂಗಸು ನಡೆದ ನಡಿಗೆಯನ್ನು ಓದಿ ಇವರ ಕಾಲು ಅಳೆದಿದ್ದೆ. ನಾನೇ ರಾಶಿಯಿಂದ ಹೆಕ್ಕಿದ್ದು, ನಾನೇ ತೊಳೆದದ್ದು, ಐದು ದಿನದಲ್ಲಿ ಅದು ಹಳತೆಂಬುದನ್ನೇ ಹೆಬ್ಬೆರಳು ಮರೆತಿತ್ತು. ಶೂ ಸುಳ್ಳು ಹೇಳಿರಲಿಲ್ಲ; ಬೇರೆಯವರ ನಿಜವನ್ನು ಹೇಳುತ್ತಿತ್ತು. ಮುಖ ಎತ್ತಲು ಆಗಲಿಲ್ಲ, ಅಷ್ಟು ನಾಚಿಕೆಯಾಯಿತು.

"ಅವರೆಲ್ಲಿ?" ಎಂದೆ.

"ರಿಕ್ಷಾದಲ್ಲಿದ್ದಾಳೆ."

ಜೆಸಿಂತಾ ಬಾಯಿ ಇಳಿದು ಬಂದರು. ರಿಕ್ಷಾದಿಂದ ನನ್ನ ಪೆಟ್ಟಿಗೆಗೆ ಎಂಟು ಹೆಜ್ಜೆ. ಎಡಗಾಲು ಮೆಟ್ಟಿಲು ಹತ್ತಿದ ಹಾಗೆ, ಬಲಗಾಲು ಗುಂಡಿಗೆ ಬಿದ್ದ ಹಾಗೆ. ಟಕ್ ಎಂದು ಒಂದು, ಧಪ್ ಎಂದು ಒಂದು. ನನ್ನ ಕೈಯಾರೆ ಹೊಲಿದ ಸದ್ದು ಅದು. ನನ್ನ ಕಣ್ಣು ತುಂಬಿತು.

"ಮೂರು ವಾರ ಹೇಗೆ ಹಾಕಿದ್ರಿ ಇದನ್ನು? ಮೊದಲನೇ ದಿನವೇ ಬಂದು ನನ್ನ ತಲೆಗೆ ಎಸೆಯುದಲ್ವಾ?" ಎಂದೆ.

ಅವರು ತಮ್ಮನ ಕಡೆ ನೋಡಿ, ಆಮೇಲೆ ನೆಲ ನೋಡಿ ಹೇಳಿದರು: "ನಾನು ಸಣ್ಣದಿರುವಾಗಿಂದ ಎಲ್ಲರೂ ಹೇಳಿದ್ದು ನನ್ನ ಕಾಲು ಸರಿ ಇಲ್ಲ ಅಂತ. ಶೂ ಸರಿ ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಸಂಜೀವಣ್ಣ? ಇಷ್ಟು ಚಂದದ ಶೂ. ನನ್ನ ಕಾಲಿನದ್ದೇ ತಪ್ಪು ಅಂತ ಗ್ರಹಿಸಿ ನಿಂತೆ."

ಈ ಮಾತು ಕೇಳಿ ನಾನು ಪೆಟ್ಟು ತಿಂದವನ ಹಾಗೆ ಕೂತುಬಿಟ್ಟೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವತ್ತು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಚಂದ ಎಂದು ಬೀಗಿದ್ದ ಪದರಗಳನ್ನು ಒಂದೊಂದೇ ಬಿಡಿಸಿದೆ. ಮೊದಲು ಬಲದ ಹಿಮ್ಮಡಿಯ ಹಳೆಯ ಸವೆತವನ್ನು ತುಂಬಿಸಿ ಮಟ್ಟ ಮಾಡಿದೆ. ಆ ಅಪರಿಚಿತ ಹೆಂಗಸು ಅಲ್ಲಿಂದ ಇಳಿದು ಹೋಗಬೇಕಿತ್ತು. ಆಮೇಲೆ ಎಡಕ್ಕೆ ಡಾಕ್ಟರ ಚೀಟಿಯನ್ನು ಕಣ್ಣಿನಿಂದ ನೋಡಿ, ಸ್ಕೇಲು ಇಟ್ಟು, ಕಾಲು ಇಂಚು. ಹೋಟೆಲಿನವರ ಬೆಂಚಿನಲ್ಲಿ ಜೆಸಿಂತಾ ಬಾಯಿಯನ್ನು ಕೂರಿಸಿ, ಅರ್ಧ ಕೆಲಸಕ್ಕೊಮ್ಮೆ ಹಾಕಿ ನಡೆಯಲು ಹೇಳಿದೆ. ಗಂಡಸರ ನಡುವೆ ನಡೆಯಲು ಅವರಿಗೆ ಸಂಕೋಚ. "ಎಲ್ಲರೂ ಆಚೆ ನೋಡಿ" ಎಂದು ಮೆಲ್ವಿನ್ ಗದರಿದ. ಬಸ್ಸು ಕಾಯುತ್ತಿದ್ದವರೆಲ್ಲ ಒಟ್ಟಿಗೆ ಆಚೆ ತಿರುಗಿ ನಿಂತರು. ಹೆಂಗಸರ ಕಾಲು ನೋಡಬಾರದೆಂಬ ಮರ್ಯಾದೆಯಲ್ಲಿ ನಾನು ಎಷ್ಟು ಜನರನ್ನು ಹೀಗೆ ಕುಂಟಿಸಿದ್ದೇನೋ ಎಂದು ಯೋಚಿಸಿ ಹೆದರಿದೆ.

ಮಧ್ಯಾಹ್ನ ಅಂಗಿ ಬದಲಿಸಿ ಪ್ಯಾಕಿಂಗ್ ಘಟಕಕ್ಕೆ ಹೋದೆ. ಸೂಪರ್‌ವೈಸರ್ ಮಲಯಾಳಿ ಹೆಂಗಸು. ಚಪ್ಪಲಿ ಹೊಲಿಯುವವನು ಆಫೀಸಿಗೆ ಬಂದದ್ದು ನೋಡಿ ದೇಣಿಗೆಗೆ ಬಂದದ್ದೆಂದು ಪರ್ಸು ತೆಗೆದರು. ನನಗೆ ಗೊತ್ತಿದ್ದ ಅರ್ಧಂಬರ್ಧ ಮಲಯಾಳದಲ್ಲಿ, ತಪ್ಪು ಆ ಹೆಂಗಸಿನ ಕಾಲಿನದ್ದಲ್ಲ, ನನ್ನ ಕೈಯದ್ದು ಎಂದೆ. ಬಿಚ್ಚಿ ತೆಗೆದ ಪದರಗಳನ್ನು ಮೇಜಿನ ಮೇಲೆ ಪೇರಿಸಿ ತೋರಿಸಿದೆ. ಅವರು ಒಂದರ ಮೇಲೊಂದು ಬೆರಳಿಟ್ಟು ಎತ್ತರ ನೋಡಿ, "ದೈವಮೇ, ಇದರ ಮೇಲೆ ನಿಂತದ್ದಾ?" ಎಂದರು. ಇನ್ನೊಂದು ತಿಂಗಳು ನೋಡುವ ಎಂದು ಒಪ್ಪಿದರು. ಆ ತಿಂಗಳು ಮುಗಿದ ದಿನ ಮೆಲ್ವಿನ್ ರಿಕ್ಷಾ ನಿಲ್ಲಿಸದೆ, ಹಾರ್ನ್ ಒತ್ತುತ್ತಾ, ಕೈ ಹೊರಗೆ ಹಾಕಿ ಹೆಬ್ಬೆರಳು ತೋರಿಸಿಕೊಂಡು ಹೋದ. ಕೆಲಸ ಕಾಯಂ ಎಂದು ಗೊತ್ತಾಯಿತು.

ಅಂದಿನಿಂದ ಅಂಗಡಿ ಮುಚ್ಚುವವರೆಗೆ, ಎತ್ತರದ ಕೆಲಸಕ್ಕೆ ಬಂದ ಯಾರನ್ನೂ ನಡೆಸಿ ನೋಡದೆ ನಾನು ಸೂಜಿ ಎತ್ತಲಿಲ್ಲ. ಕಾಲು ಎಂಬ ಪದವನ್ನು ಅಳತೆಯ ಚೀಟಿಯಲ್ಲಿ ಬರೆಯಲೇ ಇಲ್ಲ. ಪಾದ ಎಂದೇ ಬರೆದೆ, ಅಳತೆಗೆ ಅಂಕಿ ಹಾಕಿದೆ. ಶ್ರುತಿ, ನೀನೂ ಹಾಗೇ ಮಾಡು. ಹಳೆಯ ಜೊತೆ ಕೊಡುವಾಗ ಮೊದಲಿನವರ ಸವೆತ ತುಂಬಿಸದೆ ಯಾರಿಗೂ ಕೊಡಬೇಡ. ದೀಪ ಆಮೇಲೆ ಹಾಕಿದರೆ ಸಾಕು.

ಇಷ್ಟು ಬರೆದು ಮೊನ್ನೆ ಶ್ರುತಿಗೆ ಕೊಡಲು ಹೋಗಿದ್ದೆ. ಓದಿ ಮುಗಿಸಿ, "ಸದ್ದು ಕೇಳಿ ಹೇಳುದು ಸುಳ್ಳಲ್ವಾ ಅಂಕಲ್?" ಎಂದಳು. ನನಗೆ ಹಳೆಯ ಹುರುಪು ಬಂತು. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತೆ. ಟೈಲ್ಸಿನ ನೆಲ, ಸದ್ದು ಚೆನ್ನಾಗಿ ಕೇಳುತ್ತದೆ. ಬಾಗಿಲು ತೆರೆದು ಒಬ್ಬರು ಬಂದರು. "ಕಾಲೇಜು ಹುಡುಗ, ಶೂ ಒಂದು ನಂಬರ್ ದೊಡ್ಡದು" ಎಂದೆ. ಅವನೇ ನಕ್ಕು ಒಪ್ಪಿದ. ಇನ್ನೊಬ್ಬರು ಬಂದರು. "ಮಂಡಿ ನೋವಿನವರು." ಸರಿಯಿತ್ತು. ಆಮೇಲೆ ಬಾಗಿಲು ತೆರೆಯಿತು. ಚರ್ಮದ ಅಟ್ಟೆಯ ಹೆಜ್ಜೆಗಳು ನಿಧಾನವಾಗಿ ನನ್ನ ಹತ್ತಿರದವರೆಗೆ ಬಂದು ನಿಂತವು. ಕಿವಿ ಕೊಟ್ಟು ಕೇಳಿದೆ. ಏನೂ ಸಿಗಲಿಲ್ಲ.

"ಯಾರಂತ ಗೊತ್ತಾಗುದಿಲ್ಲ ಮಗಾ. ಸೋತೆ. ಎರಡು ಕಾಲೂ ಒಂದೇ ಹಾಗೆ ಬೀಳ್ತದೆ. ಇವರ ಕಾಲಿನಲ್ಲಿ ಎಂತ ದೋಷವೂ ಇಲ್ಲ" ಎಂದೆ.

ಕಣ್ಣು ಬಿಟ್ಟೆ. ಮುಂದೆ ನಾನು ಹೊಲಿದ ಕಂದು ಶೂಗಳು. ಅವುಗಳ ಮೇಲೆ ಜೆಸಿಂತಾ ಬಾಯಿ ನಿಂತಿದ್ದರು. ಪೇಟೆಗೆ ಬಂದವರು ನನ್ನನ್ನು ಗಾಜಿನಿಂದ ಕಂಡು ಒಳಗೆ ಬಂದದ್ದಂತೆ. ಕೈಯಲ್ಲಿ ತರಕಾರಿ ಚೀಲ, ಕಣ್ಣಲ್ಲಿ ನೀರು.

"ಸಂಜೀವಣ್ಣ, ಈಗ ಎಂತ ಹೇಳಿದ್ದು ನೀವು? ಅದನ್ನು ಇನ್ನೊಮ್ಮೆ ಹೇಳಿ" ಎಂದರು.

ಇನ್ನೊಮ್ಮೆ ಹೇಳಿದೆ.